ಎಡಗಡೆ ಕುರ್ಚಿಯ ಜಿಪ್ಪಕ್ಕ

ನನ್ನ ಮಗಳು ಮೊದಲು ಆಡಿದ ಮಾತು ‘ಅಮ್ಮ’ ಅಲ್ಲ, ‘ದೊಮ್ಮ’. ಅಂದರೆ ದೊಡ್ಡಮ್ಮ. ಹೊತ್ತು ಹೆತ್ತವಳು ನಾನು. ಅವಳ ಮೂಗು ಕಟ್ಟಿದಾಗಲೆಲ್ಲ ನಾನೂ ಬಾಯಿ ತೆರೆದು ಉಸಿರಾಡಿದವಳು. ಅದು ಕೂಗಿದ್ದು ಮಾತ್ರ ಕೆಳಗಿನ ಮನೆಯ ನನ್ನ ವಾರಗಿತ್ತಿಯನ್ನು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು, ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನಿಂತೆ.

ಈ ವಾರಗಿತ್ತಿಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ಹೊಗಳಲು ಕೂತರೆ ಕೈ ಏಳುವುದಿಲ್ಲ, ತೆಗಳಲು ಕೂತರೆ ವಿಷಯ ಸಿಗುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಡುನಡುವೆ ನನ್ನ ಹೊಟ್ಟೆಕಿಚ್ಚಿನ ಹೊಗೆ ಎದ್ದರೆ ಓದುವವರು ಕಣ್ಣುಜ್ಜಿಕೊಂಡು ಮುಂದೆ ಹೋಗಬೇಕು.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ಊರಿಗೆಲ್ಲ ಜಿಪ್ಪಕ್ಕ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲಿನ ಪಕ್ಕ, ಹಿಂದೆ ಯಾರೋ ಸ್ಕೂಟರ್ ನಿಲ್ಲಿಸುತ್ತಿದ್ದ ಜಾಗದಲ್ಲಿ ಅವರ ಬ್ಯಾಗ್ ರಿಪೇರಿ ಅಂಗಡಿ. ದಪ್ಪಗಿರುವ ಗಿರಾಕಿ ಒಳಗೆ ಬಂದರೆ ಅವನ ಸೂಟ್‌ಕೇಸ್ ಹೊರಗೇ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಬ್ಯಾಗು. ಹಳೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ ಜಿಪ್ಪಿನ ರನ್ನರುಗಳು, ಬಕಲ್ಲುಗಳು, ಸೂಟ್‌ಕೇಸಿನ ಚಕ್ರಗಳು. ಮೂಲೆಯಲ್ಲಿ ಮುರಿದ ಛತ್ರಿಗಳ ಕಟ್ಟು. ನಡುವೆ ದಪ್ಪ ಸೂಜಿಯ ಹೊಲಿಗೆ ಯಂತ್ರ. ಅದು ಓಡುವಾಗ ಮೇಲಿನ ಮಹಡಿಯಲ್ಲಿ ನನಗೆ ಕೇಳಿಸುತ್ತದೆ. ನಿಂತಾಗ ಇನ್ನೂ ಚೆನ್ನಾಗಿ ಕೇಳಿಸುತ್ತದೆ, ಏಕೆಂದರೆ ನಿಂತಿತೆಂದರೆ ಅವರು ಯಾರೊಂದಿಗೋ ಮಾತಿಗೆ ಕೂತರು ಅಂತಲೇ ಅರ್ಥ.

ಓದಿದ್ದು ಹತ್ತನೆಯ ಕ್ಲಾಸು. ಭಾವ ದೂರದ ಊರುಗಳಿಗೆ ಬಸ್ ಓಡಿಸುವವರು, ಮನೆಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಇಬ್ಬರು ಹೆಣ್ಣುಮಕ್ಕಳನ್ನು ಆ ಅಂಗಡಿಯ ಬ್ಯಾಗುಗಳ ನಡುವೆಯೇ ಬೆಳೆಸಿ ಹಾಸ್ಟೆಲ್ಲಿಗೆ ಕಳಿಸಿದ್ದಾರೆ. ಮಗುವಿಗೆ ಜ್ವರ ಬಂದರೆ ನಾನು ಥರ್ಮಾಮೀಟರು ಹಿಡಿದು ಮನೆ ತುಂಬ ಓಡಾಡುತ್ತೇನೆ. ಅವರು ಬೆನ್ನ ಮೇಲೆ ಅಂಗೈ ಇಟ್ಟು, “ಏನೂ ಇಲ್ಲ ಕಣೇ, ಹಲ್ಲು ಬರ್ತಿದೆ” ಅನ್ನುತ್ತಾರೆ. ಮಾರನೆಯ ದಿನ ಹಲ್ಲು ಬರುತ್ತದೆ! ಒಂದು ಸಲವಾದರೂ ಬಾರದೆ ಇರಬಾರದೇ ಅಂತ ನನಗೆ ಅನ್ನಿಸಿದ್ದುಂಟು.

ರನ್ನರಿನ ಡಬ್ಬಿ ಕಂಡರೆ ಮಗಳಿಗೆ ಪ್ರಾಣ. “ಅಕ್ಕಾ, ಬಾಯಿಗೆ ಹಾಕ್ಕೊಂಡ್ರೆ?” ಅಂತ ನಾನು ಮೆಟ್ಟಿಲಿನಿಂದಲೇ ಕೂಗಿದರೆ, ಅವರು ದೊಡ್ಡ ದೊಡ್ಡ ರನ್ನರುಗಳನ್ನು ಒಂದು ಉಕ್ಕಿನ ಬಳೆಗೆ ಪೋಣಿಸಿ ಎತ್ತಿ ತೋರಿಸುತ್ತಾರೆ. “ಇದನ್ನ ನುಂಗಬೇಕಾದ್ರೆ ನಿನ್ನ ಮಗಳು ಮೊಸಳೆ ಆಗಿರ್ಬೇಕು, ಲಾಯರಮ್ಮ.”

ಲಾಯರಮ್ಮ. ಅದು ನಾನು. ಕಾನೂನು ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದು, ಒಬ್ಬ ಹಿರಿಯ ವಕೀಲರ ಕಚೇರಿಯಲ್ಲಿ ಕಿರಿಯಳಾಗಿ ದುಡಿದು, ಇನ್ನೇನು ಒಂದೆರಡು ಕೇಸಿನಲ್ಲಿ ಎದ್ದು ನಿಂತು ಮಾತಾಡುವ ಹೊತ್ತಿಗೆ ಬಸುರಿಯಾದೆ. ಕಪ್ಪು ಕೋಟು ಬೀರುವಿನಲ್ಲಿ ನೇತಾಡುತ್ತಿತ್ತು. ಒಮ್ಮೆ ಮಗಳು ಅದರ ತೋಳು ಎಳೆದು ಚೀಪಿಬಿಟ್ಟಿದ್ದಳು. ತೊಳೆಯುವ ಅವಸರವೇನೂ ಇರಲಿಲ್ಲ, ಹಾಕಿಕೊಂಡು ಹೋಗಲು ಜಾಗವೇ ಇಲ್ಲವಲ್ಲ.

ಅದೇ ಹೊತ್ತಿನಲ್ಲಿ ಬ್ಯಾಗ್ ರಿಪೇರಿಯ ಜಿಪ್ಪಕ್ಕ ನ್ಯಾಯಾಧೀಶೆಯಾದರು.

ನಮ್ಮ ಬಡಾವಣೆಯಲ್ಲಿ ಒಂದು ನೆರೆಹೊರೆ ನ್ಯಾಯಪೀಠವಿದೆ. ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ಕಿರುಗುಟ್ಟುವ ಫ್ಯಾನು, ಗೋಡೆಗುಂಟ ಬೆಂಚುಗಳು, ಎದುರಿಗೆ ಮೂರು ಕುರ್ಚಿ. ನಡುವಿನ ಕುರ್ಚಿಯಲ್ಲಿ ಕಾನೂನು ಓದಿ ದೊಡ್ಡ ನ್ಯಾಯಾಲಯಗಳಲ್ಲಿ ಪಳಗಿ ಬಂದ ನ್ಯಾಯಾಧೀಶರು. ಎಡಕ್ಕೂ ಬಲಕ್ಕೂ ಬಡಾವಣೆಯವರೇ ಕೈಯೆತ್ತಿ ಆರಿಸಿದ ಇಬ್ಬರು. ಅವರು ಏನನ್ನೂ ಓದಿರಬೇಕಾಗಿಲ್ಲ. ಕೊಲೆ, ದರೋಡೆ ಇಲ್ಲಿಗೆ ಬರುವುದಿಲ್ಲ. ಸೋರುವ ಗೋಡೆ, ಬೊಗಳುವ ನಾಯಿ, ದಾರಿಗೆ ಅಡ್ಡ ನಿಂತ ಕಾರು, ಇಂಥವೇ. ವಿಚಾರಣೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಮೊದಲು ಎಡಗಡೆಯವರು, ಆಮೇಲೆ ಬಲಗಡೆಯವರು, ಕಡೆಗೆ ನಡುವಿನವರು ಅಭಿಪ್ರಾಯ ಹೇಳಬೇಕು. ಓದಿದವರು ಮೊದಲೇ ಬಾಯಿ ಬಿಟ್ಟರೆ ಉಳಿದಿಬ್ಬರು ತಲೆಯಾಡಿಸಿ ಸುಮ್ಮನಾಗುತ್ತಾರೆಂದು ಹಾಗೆ ಮಾಡಿದ್ದಂತೆ. ಮೂವರ ಮತಕ್ಕೂ ಒಂದೇ ತೂಕ. ಪಕ್ಕದ ಇಬ್ಬರು ಒಂದಾದರೆ ನಡುವಿನವರ ಮಾತು ನಡೆಯುವುದಿಲ್ಲ.

ಬಲಗಡೆ ಕುರ್ಚಿಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು. ಎಡಗಡೆಯದು ಖಾಲಿಯಾದಾಗ ಬಡಾವಣೆಯ ಸಭೆಯಲ್ಲಿ ಯಾರೋ “ನಮ್ಮ ಜಿಪ್ಪಕ್ಕ” ಅಂದರು. ಮಗುವನ್ನು ಎತ್ತಿಕೊಂಡಿದ್ದರಿಂದ ನನಗೆ ಕೈ ಎತ್ತಲಾಗಲಿಲ್ಲ. ಆಗಿದ್ದರೆ ಎತ್ತುತ್ತಿದ್ದೆನೋ ಇಲ್ಲವೋ, ಆ ಪ್ರಶ್ನೆಗೆ ಮಗುವೇ ಉತ್ತರವಾಯಿತು.

ನ್ಯಾಯಪೀಠದಿಂದ ಅವರಿಗೊಂದು ಬೂದು ಬಣ್ಣದ ನಿಲುವಂಗಿ ಬಂತು. ತೋಳು ಉದ್ದವಾಗಿತ್ತೆಂದು ತಮ್ಮ ಯಂತ್ರದಲ್ಲೇ ಮಡಿಸಿ ಹೊಲಿದುಕೊಂಡರು. ವಿಚಾರಣೆಯ ದಿನ ಅಂಗಡಿಯ ಬಾಗಿಲೆಳೆದು, ಅದನ್ನು ತೋಳಿನ ಮೇಲೆ ಹಾಕಿಕೊಂಡು ಹೊರಟರೆ ಬೀದಿಯಲ್ಲಿ ಹಾಲಿನವನಿಂದ ಹಿಡಿದು ಎಲ್ಲರೂ “ಇವತ್ತು ಯಾರ ಗ್ರಹಚಾರ, ಜಿಪ್ಪಕ್ಕ?” ಅನ್ನುವವರೇ. ಅವರು ಉತ್ತರ ಹೇಳದೆ ನಗುತ್ತ ಹೋಗುತ್ತಿದ್ದರು. ನಾನು ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಒಣಹಾಕುತ್ತ ನೋಡುತ್ತಿದ್ದೆ. ನನಗೆ ಆ ಬೂದು ಬಣ್ಣ ಕಣ್ಣು ಕುಕ್ಕುತ್ತಿತ್ತು.

ಅತ್ತೆ ಒಂದು ದಿನ ನನ್ನ ಮುಖ ನೋಡಿ ಅಂದರು, “ನಿನ್ನ ಹೊಟ್ಟೆಯುರಿಯಲ್ಲಿ ಎರಡು ಬಕೆಟ್ ನೀರು ಕಾಯಿಸ್ಬೋದು ಕಣೇ. ಗೀಸರ್ ಆಫ್ ಮಾಡ್ಲಾ?”

“ಉರಿ ಏನಿಲ್ಲ ಅತ್ತೆ. ಒಂದು ಪದ್ಧತಿ ಅನ್ನೋದು ಬೇಡ್ವಾ? ಹಲ್ಲು ನೋವು ಅಂದ್ರೆ ಬ್ಯಾಗ್ ರಿಪೇರಿಯವರ ಹತ್ರ ಹೋಗ್ತೀರಾ?”

“ಹೋಗಲ್ಲ. ಆದ್ರೆ ಹಲ್ಲು ಡಾಕ್ಟ್ರು ಬೈದ್ರೆ ಅವಳ ಹತ್ರ ಹೋಗಿ ಹೇಳ್ಕೋತೀನಿ.”

ಇಂಥ ಮಾತಿಗೆ ಏನು ವಾದ ಮಾಡುವುದು? ಗಂಡನ ಹತ್ತಿರ ಹೇಳಿಕೊಂಡೆ. “ನೀನೂ ನಿಂತ್ಕೋಬೋದಿತ್ತಲ್ಲ” ಅಂದ. ಮಗು ಯಾರು ನೋಡಿಕೊಳ್ಳುತ್ತಾರೆ ಅಂದೆ. “ಅತ್ತಿಗೆ ಇದ್ದಾರಲ್ಲ” ಅಂದ! ಆ ರಾತ್ರಿ ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಈಗ ಬೇಕರಿ ಕೇಸಿಗೆ ಬರುತ್ತೇನೆ.

ಹಿಂದಿನ ಬೀದಿಯ ಕಟ್ಟಡವೊಂದರಲ್ಲಿ ಕೆಳಗೆ ಬೇಕರಿ, ಅದರ ಮೇಲಿನ ಮನೆಯಲ್ಲಿ ಒಬ್ಬ ನರ್ಸಮ್ಮ. ನರ್ಸಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಬೆಳಿಗ್ಗೆ ಬಂದು ಮಲಗಬೇಕು. ಮಲಗಿದರೆ ಮಂಚ ಗಡಗಡ ಅನ್ನುತ್ತದೆ, ಬೇಕರಿಯವರು ಹಿಟ್ಟು ನಾದುವ ಯಂತ್ರ ಹಾಕುವುದೇ ಆ ಹೊತ್ತಿನಲ್ಲಿ, ನಿದ್ದೆಯಿಲ್ಲದೆ ತಾನು ಯಾವ ರೋಗಿಗೆ ಯಾವ ಸೂಜಿ ಚುಚ್ಚುತ್ತೇನೋ ಎಂದು ಭಯವಾಗುತ್ತದೆ ಎಂದು ಆಕೆಯ ದೂರು. ಬೇಕರಿಯವರು ಹೇಳಿದ್ದು, ಯಂತ್ರದ ಕಾಲಿಗೆ ದಪ್ಪ ರಬ್ಬರ್ ಹಾಕಿಸಿದ್ದೇನೆ, ಈಗ ಅಲುಗಾಟವೇ ಇಲ್ಲ, ಬೆಳಿಗ್ಗೆ ಹಿಟ್ಟು ನಾದದಿದ್ದರೆ ಸಂಜೆಗೆ ಬ್ರೆಡ್ಡಿಲ್ಲ, ಸಂಜೆಯ ಬ್ರೆಡ್ಡಿಲ್ಲದಿದ್ದರೆ ಅಂಗಡಿಯೇ ಇಲ್ಲ ಎಂದು.

ಹಿಂದಿನ ಕೋಣೆಯಲ್ಲಿ ಜಿಪ್ಪಕ್ಕ ನರ್ಸಮ್ಮನ ಕಡೆ ನಿಂತರಂತೆ. ಡ್ರಿಲ್ ಮೇಷ್ಟ್ರು ಅವರ ಹಿಂದೆ. ಅಲುಗಾಟ ಯಂತ್ರದಿಂದಲೇ ಎಂಬುದಕ್ಕೆ ಸಾಕ್ಷಿ ಸಾಲದು ಎಂದು ನಡುವಿನವರು ಹೇಳಿದ್ದು ನಡೆಯಲಿಲ್ಲ. ಮುಂದಿನ ತಿಂಗಳ ಮೊದಲನೆಯ ದಿನದಿಂದ ಮಧ್ಯಾಹ್ನದವರೆಗೆ ಯಂತ್ರ ಹಾಕುವಂತಿಲ್ಲ ಎಂದು ತೀರ್ಪಾಯಿತು. ಬೇಕರಿಯವರು ಮೆಟ್ಟಿಲಿಳಿಯುವಾಗ ಕೈಗಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರಂತೆ. ಬೀದಿಯೆಲ್ಲ ಜಿಪ್ಪಕ್ಕನ ಗುಣಗಾನ. ನಮ್ಮ ಮನೆಯಲ್ಲೂ ಅದೇ.

ಭಾನುವಾರ ಮಧ್ಯಾಹ್ನ ಎಲ್ಲರೂ ಕೆಳಗಿನ ಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ಮಗಳು, ಕೇಳಬೇಕೇ, ಅವರ ತೊಡೆಯ ಮೇಲೆ. ನಾನು ತುತ್ತು ತಿನ್ನಿಸಲು ಹೋದರೆ ಬಾಯಿ ಬಿಗಿಹಿಡಿದಳು. ಅವರು ತಿನ್ನಿಸಿದರೆ ಹಕ್ಕಿಮರಿಯ ಹಾಗೆ ತೆರೆದಳು. ನಾನು ತಟ್ಟೆ ನೋಡುತ್ತ ಕೂತೆ.

“ನಡುವಿನವ್ರು ಎಷ್ಟು ಹೇಳಿದ್ರೂ ನಾನು ಬಿಡ್ಲಿಲ್ಲ ಅತ್ತೆ,” ಅಂದರು ಜಿಪ್ಪಕ್ಕ. “ನನಗೆ ಖಾತ್ರಿ ಇತ್ತು. ತೀರ್ಪಿನ ಹಿಂದಿನ ದಿನ ನರ್ಸಮ್ಮನ ಬ್ಯಾಗು ರಿಪೇರಿಗೆ ಬಂದಿತ್ತಲ್ಲ, ಕೊಡೋ ನೆಪದಲ್ಲಿ ಅವರ ಮನೆಗೇ ಹೋದೆ. ಒಂದು ಲೋಟ ನೀರು ಕೇಳಿ ಟೇಬಲ್ ಮೇಲಿಟ್ಟು ನೋಡ್ತಾ ಕೂತೆ. ನೀರು ಹೀಗೆ ಗುಂಡುಗುಂಡಾಗಿ ನಡುಗ್ತಿದೆ! ಸಾಕಲ್ವಾ?”

ಅತ್ತೆ, “ಭೇಷ್” ಅಂದರು.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎದೆಯಲ್ಲಿ ಏನೋ ಚಂಗನೆ ಹಾರಿತು. ಅದು ಬೇಸರವಲ್ಲ, ಗಾಬರಿಯಲ್ಲ. ಬಹಳ ದಿನದಿಂದ ಕಾಣೆಯಾಗಿದ್ದ, ಸೊಂಟಕ್ಕೆ ಸಿಕ್ಕಿಸುವ ಬೀಗದ ಕೈ ಹಾಸಿಗೆಯಡಿ ಸಿಕ್ಕಿದಾಗ ಆಗುತ್ತದಲ್ಲ, ಅಂಥದ್ದು.

“ಅಕ್ಕಾ,” ಅಂದೆ, ದನಿ ಎಷ್ಟು ಸಾಧ್ಯವೋ ಅಷ್ಟು ಮೆತ್ತಗಿಟ್ಟು, “ನೀವು ಹೋಗಿದ್ದು ಬೇಕರಿಯವರಿಗೆ ಗೊತ್ತಾ?”

“ಅವರಿಗ್ಯಾಕೆ ಹೇಳ್ಬೇಕು? ಹೇಳಿದ್ರೆ ಯಂತ್ರ ನಿಲ್ಸಿಬಿಡಲ್ವಾ?”

“ನಡುವಿನವರಿಗೆ?”

“ಅವ್ರು ಕೇಳ್ಲಿಲ್ಲ.”

“ಹಾಗಾದ್ರೆ ಆ ತೀರ್ಪು ನಿಲ್ಲಲ್ಲ ಅಕ್ಕ. ನ್ಯಾಯಾಧೀಶರು ಒಬ್ಬರೇ ಒಂದು ಕಡೆಯವರ ಮನೆಗೆ ಹೋಗಿ ನೋಡ್ಕೊಂಡು ಬರೋ ಹಾಗಿಲ್ಲ. ಕಾನೂನು ಓದೋರಿಗೆ ಶುರುವಿನಲ್ಲೇ ಹೇಳಿಕೊಡ್ತಾರೆ.”

ಜಿಪ್ಪಕ್ಕ ಮಗುವಿನ ಬಾಯಿ ಒರೆಸುವುದನ್ನು ನಿಲ್ಲಿಸಿದರು. “ಏನು ಮಾತಾಡ್ತಿದೀಯಾ? ಕೋಣೇಲಿ ಕೂತು ಇಬ್ಬರ ಬಾಯಿಮಾತು ಕೇಳೋದು ಸರಿ, ಕಣ್ಣಾರೆ ನೋಡಿದ್ದು ತಪ್ಪಾ? ಕಣ್ಣು ಕಟ್ಕೊಂಡು ನ್ಯಾಯ ಹೇಳ್ಬೇಕಾ?”

“ನೋಡ್ಬೋದು. ಇಬ್ಬರನ್ನೂ ಕರ್ಕೊಂಡು ಹೋಗಿ ನೋಡ್ಬೇಕು. ನೀವು ನೋಡಿದ್ದಕ್ಕೆ ಬೇಕರಿಯವರು ಉತ್ತರ ಹೇಳೋಕಾಗ್ಲಿಲ್ಲ ಅಲ್ವಾ? ಅವರ ವಿರುದ್ಧ ಒಂದು ಸಾಕ್ಷಿ ಇದೆ ಅನ್ನೋದೇ ಅವರಿಗೆ ಗೊತ್ತಿಲ್ಲ. ಆ ನಡುಗಾಟ ಬೇರೆ ಎಲ್ಲಿಂದಾದ್ರೂ ಬಂದಿದ್ರೆ?”

“ಬೇರೆ ಎಲ್ಲಿಂದ ಬರತ್ತೆ? ಕೆಳಗೆ ಬೇಕರಿ ಬಾಗಿಲು ತೆಗೆದಿತ್ತು.”

“ಯಂತ್ರ ಓಡ್ತಿತ್ತಾ? ನೋಡಿದ್ರಾ?”

ಅವರು ಮಗುವಿನ ಬಾಯಿಯನ್ನು ಮತ್ತೆ ಒರೆಸತೊಡಗಿದರು. ಅತ್ತೆ ನನ್ನನ್ನೇ ನೋಡುತ್ತಿದ್ದರು. “ಊಟ ಮಾಡೋವಾಗ ಕೋರ್ಟು ಬೇಡ” ಅಂದರು. ನನಗೆ ಊಟ ಅಷ್ಟು ರುಚಿಸಿ ಬಹಳ ದಿನವಾಗಿತ್ತು.

ಮೇಲೆ ಬಂದ ಮೇಲೆ ರುಚಿ ಇಳಿಯಿತು. ಅವರು ಬಾಯಿ ಮುಚ್ಚಿಕೊಂಡು ಸುಮ್ಮನಿದ್ದುಬಿಟ್ಟರೆ? ಬೇಕರಿ ಮುಚ್ಚಿದರೆ, ಗೊತ್ತಿದ್ದೂ ಸುಮ್ಮನಿದ್ದವಳು ನಾನಾಗುತ್ತೇನೆ. ನಾನೇ ಹೋಗಿ ಹೇಳಿದರೆ, ವಾರಗಿತ್ತಿಯ ಕುರ್ಚಿ ಉರುಳಿಸಿದವಳು ಅಂತ ಬೀದಿಯೆಲ್ಲ ಉಗಿಯುತ್ತದೆ. ಮಗಳು ದೊಡ್ಡವಳಾದ ಮೇಲೆ ಯಾರಾದರೂ ಅವಳ ಕಿವಿಗೆ ಹಾಕುತ್ತಾರೆ. ಇವೆಲ್ಲ ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿಯಿತು. ಸಂಜೆಯವರೆಗೂ ಕೆಳಗೆ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಮಾತಿನ ಸದ್ದೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಅಂಗಡಿ ತೆರೆಯಲಿಲ್ಲ. ಬೂದು ಅಂಗಿಯಿಲ್ಲದೆ, ಮನೆಯ ಬಟ್ಟೆಯಲ್ಲೇ ನಡುವಿನ ಕುರ್ಚಿಯವರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿ ಬಂದರು. ತೀರ್ಪು ರದ್ದಾಯಿತು. ಜಿಪ್ಪಕ್ಕನನ್ನು ಆ ಕೇಸಿನಿಂದ ಬಿಡಿಸಿ ಪಕ್ಕದ ಬಡಾವಣೆಯ ಒಬ್ಬರನ್ನು ಕೂರಿಸಿದರು. ಎಲ್ಲರೂ ಸೇರಿ, ಎರಡೂ ಕಡೆಯವರನ್ನು ಕರೆದುಕೊಂಡು, ಹೋಗಿ ನೋಡುವುದೆಂದಾಯಿತು.

ಆ ದಿನ ನಾನೂ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹೋದೆ. ಬೇಕರಿಯ ಹಿಟ್ಟಿನ ಧೂಳು ಮಗುವಿನ ಮೂಗಿಗೆ ಹೋದೀತೆಂದು ಅದರ ಮುಖಕ್ಕೆ ನನ್ನ ಸೆರಗು ಮುಚ್ಚಿ, ಮೆಟ್ಟಿಲಿನ ತಿರುವಿನಲ್ಲಿ ನಿಂತೆ. ಒಳಗೆ ನರ್ಸಮ್ಮನ ಟೇಬಲ್ಲಿನ ಮೇಲೆ ಲೋಟ. ನೀರು ನಡುಗುತ್ತಿತ್ತು, ಜಿಪ್ಪಕ್ಕ ಹೇಳಿದ ಹಾಗೇ ಗುಂಡುಗುಂಡಾಗಿ.

“ನೋಡಿದ್ರಾ?” ಅಂದರು ನರ್ಸಮ್ಮ.

ಬೇಕರಿಯವರು ಹಿಟ್ಟು ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, “ಸ್ವಾಮಿ, ಯಂತ್ರ ಇನ್ನೂ ಹಾಕೇ ಇಲ್ಲ” ಅಂದರು. “ಒಂದು ಸಲ ಕೆಳಗೆ ಬಂದು ನೋಡಿ.”

ಹೋಗಿ ನೋಡಿದರೆ ಯಂತ್ರದ ಪ್ಲಗ್ಗು ಗೋಡೆಯಿಂದ ಕಿತ್ತು ಕೆಳಗೆ ಬಿದ್ದಿತ್ತು. ಗೋಡೆಗೆ ಕೈಯಿಟ್ಟುಕೊಂಡು ಹೋದವರಿಗೆ ಕಟ್ಟಡದ ಹಿಂಬದಿಯಲ್ಲಿ ನೀರಿನ ಪಂಪು ಸಿಕ್ಕಿತು. ಅದರ ಬೋಲ್ಟು ಸಡಿಲವಾಗಿ, ಇಡೀ ಪಂಪು ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿತ್ತು. ನಿಲ್ಲಿಸಿದರು. ಲೋಟದ ನೀರು ನಿಂತಿತು. ಆಮೇಲೆ ಬೇಕರಿಯ ಯಂತ್ರ ಹಾಕಿಸಿದರು. ನೀರು ಕನ್ನಡಿಯ ಹಾಗೆ ಕೂತಿತ್ತು. ನರ್ಸಮ್ಮ ಬೇಕರಿಯವರ ಎರಡೂ ಕೈ ಹಿಡಿದುಕೊಂಡು, “ಕ್ಷಮಿಸಿಬಿಡಿ ಅಣ್ಣ, ನನಗೆ ನಿಜವಾಗ್ಲೂ ನಿಮ್ದೇ ಅನ್ನಿಸಿತ್ತು” ಅಂದರು.

ಗುಂಪಿನ ಹಿಂದೆ ಜಿಪ್ಪಕ್ಕ ನಿಂತಿದ್ದರು. ಮಗಳು ನನ್ನ ಸೆರಗು ಕಿತ್ತು “ದೊಮ್ಮಾ” ಅಂತ ಅವರ ಕಡೆ ಎರಡೂ ಕೈ ಚಾಚಿದಳು. ಅವರು ಎತ್ತಿಕೊಳ್ಳಲಿಲ್ಲ.

ಕಾನೂನು ಓದದವರು ನ್ಯಾಯದ ಕುರ್ಚಿಯಲ್ಲಿ ಕೂರಬಹುದೇ ಎಂಬ ಪ್ರಶ್ನೆ, ಇಂಥ ಪೀಠಗಳನ್ನು ನಡೆಸುವ ಮೇಲಿನವರ ಮಟ್ಟದಲ್ಲಿ ಮೊದಲಿಂದಲೂ ಹೊಗೆಯಾಡುತ್ತಿತ್ತು. ಪಂಪಿನ ಪ್ರಕರಣ ಅದಕ್ಕೆ ಗಾಳಿ ಹಾಕಿತು. ಪಕ್ಕದ ಕುರ್ಚಿಗಳಿಗೂ ಕಾನೂನು ಪದವಿ ಬೇಕೇ ಬೇಡವೇ ಎಂದು ಬಡಾವಣೆಯವರ ಅಭಿಪ್ರಾಯ ಕೇಳಲು ಗ್ರಂಥಾಲಯದಲ್ಲಿ ಸಭೆ ಕರೆದರು.

ಬೀದಿಯಲ್ಲಿ ಜಿಪ್ಪಕ್ಕನನ್ನು ಜನ ಹಳಿಯುತ್ತಾರೆ ಅಂದುಕೊಂಡಿದ್ದೆ. ನನ್ನ ಲೆಕ್ಕ ಪೂರಾ ತಲೆಕೆಳಗಾಯಿತು. “ತಾನಾಗಿ ಹೋಗಿ ಒಪ್ಕೊಂಡ್ರಂತೆ ಕಣ್ರೀ, ಎಂಥ ಮನುಷ್ಯರು!” ಅಂತ ಹೊಸ ಗುಣಗಾನ ಶುರುವಾಯಿತು. ಸ್ವತಃ ಬೇಕರಿಯವರು ಒಂದು ದೊಡ್ಡ ಬ್ರೆಡ್ಡು ಅಂಗಡಿಗೆ ತಂದುಕೊಟ್ಟು ಹೋದರು. ತಪ್ಪು ತೀರ್ಪು ಕೊಟ್ಟವರಿಗೆ ಬ್ರೆಡ್ಡು, ತಪ್ಪು ತೋರಿಸಿದವಳಿಗೆ ಅದರ ಅಂಚಿನ ತುಂಡೂ ಇಲ್ಲ. ನನ್ನ ಮೈ ಹೇಗೆ ಉರಿಯಿತೆಂದರೆ ಆ ಬ್ರೆಡ್ಡನ್ನು ಟೋಸ್ಟ್ ಮಾಡಬಹುದಿತ್ತು.

ಸಭೆಯಲ್ಲಿ ಡ್ರಿಲ್ ಮೇಷ್ಟ್ರು ಎದೆಯುಬ್ಬಿಸಿ ಎದ್ದರು. “ನಮಗೆ ಕಾನೂನು ಗೊತ್ತಿಲ್ಲ, ನಿಜ. ಆದ್ರೆ ಈ ಬೀದಿ ಗೊತ್ತು. ನಡುವೆ ಒಬ್ಬರು ಓದಿದವರಿದ್ದಾರೆ, ಸಾಲದಾ? ಮೂರೂ ಕುರ್ಚೀಲಿ ಓದಿದವರೇ ಕೂತ್ರೆ ನಮ್ಮಂಥವರು ಆ ಮೆಟ್ಟಿಲು ಹತ್ತೋಕೆ ಹೆದರ್ತಾರೆ.”

ಜನ ಬೆಂಚು ತಟ್ಟಿದರು. ನಡುವಿನ ಕುರ್ಚಿಯವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜಿಪ್ಪಕ್ಕ ಎದ್ದು ನಿಂತರು.

“ಮೇಷ್ಟ್ರೇ, ನನಗೂ ಈ ಬೀದಿ ಗೊತ್ತು. ಅದಕ್ಕೇ ತಪ್ಪಾಯ್ತು. ನರ್ಸಮ್ಮನ ಕಣ್ಣಡಿ ಕಪ್ಪಾಗಿರೋದು ನೋಡಿದ್ದೆ, ಅವರ ಬ್ಯಾಗು ಎಷ್ಟು ಸಲ ಹರಿದಿದೆ ಅಂತ ಗೊತ್ತಿತ್ತು. ಪಾಪ ಅನ್ನಿಸ್ತು. ಆ ಮನಸ್ಸಲ್ಲಿ ಲೋಟ ನೋಡಿದೆ. ನನಗೆ ಬೇಕಾದ್ದು ಕಾಣಿಸ್ತು. ನಡುವಿನವರು ಸಾಕ್ಷಿ ಸಾಲದು ಅಂದಾಗ, ಓದಿದವರ ಕೊಂಕು ಅಂದ್ಕೊಂಡೆ. ಬೇಕರಿಯವರ ಹೊಟ್ಟೆ ಮೇಲೆ ಹೊಡೀತಿದ್ದೆ, ಅದೂ ಒಳ್ಳೆ ಮನಸ್ಸಿಂದ. ಓದಿದವರು ತಪ್ಪೇ ಮಾಡಲ್ಲ ಅಂತ ನಾನು ಹೇಳಲ್ಲ. ಆದ್ರೆ ಇಂಥ ತಪ್ಪು ಮಾಡಬಾರದು ಅಂತ ಅವರಿಗೆ ಮೊದಲೇ ಯಾರೋ ಹೇಳಿರ್ತಾರೆ. ನನಗೆ ಯಾರೂ ಹೇಳಿರ್ಲಿಲ್ಲ.” ಆಮೇಲೆ ಸುತ್ತ ನೋಡಿ, ಗುಂಪಿನ ಹಿಂದೆ ಮಗುವಿನ ಜೊತೆ ಹೆಣಗುತ್ತಿದ್ದ ನನ್ನ ಕಡೆ ಕೈ ತೋರಿಸಿದರು. “ಆಮೇಲೆ ಹೇಳಿದ್ದು ನನ್ನ ತಂಗಿ. ಊಟದ ತಟ್ಟೆ ಮುಂದೆ ಹೇಳಿದ್ಲು, ತುತ್ತು ಗಂಟಲಲ್ಲಿ ಇಳೀದ ಹಾಗೆ. ಕುರ್ಚಿಗೆ ಓದಿದವರು ಬೇಕು ಅಂದ್ರೆ ದೂರ ಯಾಕೆ ಹುಡುಕ್ತೀರಾ?”

ಎಲ್ಲರೂ ತಿರುಗಿದರು. ನನ್ನ ಕೂದಲು ಮಗಳ ಮುಷ್ಟಿಯಲ್ಲಿತ್ತು. ಆ ಕ್ಷಣ ನನಗೆ ಅಭಿಮಾನ ಅನ್ನಿಸಬೇಕಿತ್ತು ಅಂತ ಓದುವವರು ನಿರೀಕ್ಷಿಸಬಹುದು. ನನಗೆ ಅನ್ನಿಸಿದ್ದು, ಅಯ್ಯೋ, ಇದನ್ನೂ ಇವರೇ ಕೊಡಬೇಕಾ? ನನ್ನ ಪದವಿ, ನನ್ನ ಅಂಕ, ನಾನು ಓದಿದ ರಾತ್ರಿಗಳು, ಎಲ್ಲದರ ಮೇಲೂ ‘ಜಿಪ್ಪಕ್ಕ ಹೇಳಿದ್ದು’ ಅಂತ ಒಂದು ಚೀಟಿ ಅಂಟಿತಲ್ಲ!

ಕೆಲವು ವಾರಗಳ ಮೇಲೆ ನಿಯಮ ಬಂತು. ಪಕ್ಕದ ಕುರ್ಚಿಗಳಿಗೂ ಕಾನೂನು ಪದವಿ ಕಡ್ಡಾಯ. ಡ್ರಿಲ್ ಮೇಷ್ಟ್ರು ಗೊಣಗಿಕೊಂಡು ಇಳಿದರು. ಜಿಪ್ಪಕ್ಕ ಗೊಣಗದೆ ಇಳಿದರು. ಬಡಾವಣೆಯ ಸಭೆ ಎಡಗಡೆ ಕುರ್ಚಿಗೆ ನನ್ನನ್ನು ಆರಿಸಿತು.

ನಿಯಮ ಸರಿ ಅಂತ ನಾನು ಈಗಲೂ ಹೇಳುತ್ತೇನೆ. ಮರುಕ ಬೀದಿಯಲ್ಲಿ ಯಾರಿಗೆ ಬೇಕಾದರೂ ಇರಬಹುದು. ತನ್ನ ಮರುಕವನ್ನೇ ಅನುಮಾನಿಸುವುದನ್ನು ಮಾತ್ರ ಯಾರಾದರೂ ಕೂರಿಸಿ ಕಲಿಸಬೇಕು. ಅದನ್ನು ಹತ್ತಾರು ಜನ ಮೊದಲೇ ಎಡವಿ, ಬಿದ್ದು, ಬರೆದಿಟ್ಟಿದ್ದಾರೆ. ಡ್ರಿಲ್ ಮೇಷ್ಟ್ರು ಹೇಳಿದ್ದರಲ್ಲೂ ಹುರುಳಿದೆ ಅಂತ ಮೆಟ್ಟಿಲು ಹತ್ತುವ ಜನರ ಮುಖ ನೋಡಿದಾಗ ನನಗೆ ಗೊತ್ತಾಯಿತು. ಮೊದಲು ಬಂದ ಅಜ್ಜಿ ನನ್ನನ್ನು ನೋಡಿ ಗುಮಾಸ್ತರನ್ನು ಕೇಳಿದ್ದು ಒಂದೇ ಮಾತು. “ಜಿಪ್ಪಕ್ಕ ಇಲ್ವಾ?”

ಅದಕ್ಕೂ ಮೊದಲಿನ ಸಂಜೆಯ ಮಾತು ಹೇಳಬೇಕು. ಬೂದು ನಿಲುವಂಗಿ ಕೈ ಬದಲಾಗಿ ನನಗೆ ಬಂತು. ಹಾಕಿಕೊಂಡರೆ ತೋಳು ಮಣಿಕಟ್ಟಿನಿಂದ ಮೇಲೇ ನಿಂತಿತು. ನಾನು ಅವರಿಗಿಂತ ಎತ್ತರ. ತೆಗೆದುಕೊಂಡು ಅಂಗಡಿಗೆ ಹೋದೆ. ಜಿಪ್ಪಕ್ಕ ತೋಳು ತಿರುಗಿಸಿ, ತಾವೇ ಹಾಕಿದ್ದ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಬಿಚ್ಚಿದರು. ಮಗಳು ಕೆಳಗೆ ಕೂತು ರನ್ನರಿನ ಬಳೆ ಜಣಜಣ ಅನ್ನಿಸುತ್ತಿದ್ದಳು.

“ಹಳೆ ಮಡಿಕೆ ಗೆರೆ ಉಳಿಯತ್ತೆ,” ಅಂದರು. “ಇಸ್ತ್ರಿ ಹಾಕಿದ್ರೂ ಹೋಗಲ್ಲ.”

“ಇರ್ಲಿ ಬಿಡಿ ಅಕ್ಕ.”

“ನಾಳೆಯಿಂದ ಇವಳನ್ನ ಎಷ್ಟು ಹೊತ್ತಿಗೆ ಬಿಡ್ತೀಯ?”

ಅದೇ. ಕುರ್ಚಿ ಬೇಕೆಂದರೆ ಮಗುವನ್ನು ಬಿಡಬೇಕು, ಬಿಡಬೇಕೆಂದರೆ ಇಲ್ಲೇ ಬಿಡಬೇಕು. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಥರ್ಮಾಮೀಟರು, ಕುದಿಸಿ ಆರಿಸಿದ ನೀರು, ಏನು ತಿನ್ನಿಸಬೇಕು ಏನು ಬಾರದು ಎಂಬ ಉಪದೇಶ, ಎಲ್ಲ ತುಂಬಿ ಮಾರನೆಯ ದಿನ ಕೊಟ್ಟೆ. ಅವಳು ಅಳುತ್ತಾಳೆ ಅಂದುಕೊಂಡೆ. ತಿರುಗಿಯೂ ನೋಡಲಿಲ್ಲ.

ದಿನವಿಡೀ ಎದುರಿಗೆ ಗಂಡಸೊಬ್ಬ ತನ್ನ ಪಕ್ಕದ ಮನೆಯವರ ಬೇಲಿಯ ಬಗ್ಗೆ ಹೇಳುತ್ತಿದ್ದರೆ ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಕೇಳುತ್ತಲೇ, ಈಗ ಅವಳು ಯಾರ ತೋಳಿನ ಮೇಲೆ ನಿದ್ದೆ ಹೋಗಿರಬಹುದು ಅಂತ ಒಳಗೊಳಗೇ ಹಲ್ಲು ಕಚ್ಚುತ್ತಿದ್ದೆ.

ಸಂಜೆ ಅಂಗಡಿಗೆ ಬಂದಾಗ ಮಗಳು ಒಂದು ದೊಡ್ಡ ಪ್ರಯಾಣದ ಬ್ಯಾಗಿನೊಳಗೆ ಕೂತಿದ್ದಳು. ನಾನು ಕೈ ಚಾಚಿದೆ. “ಬೇಡ” ಅಂದಳು. ಹೊಸ ಮಾತು! ಅದನ್ನೂ ಇಲ್ಲೇ ಕಲಿತಿದ್ದಳು.

ಜಿಪ್ಪಕ್ಕ ಯಂತ್ರದ ಮೇಲೆ ಬಾಗಿ ಏನೋ ಹೊಲಿಯುತ್ತಿದ್ದರು. ನನ್ನ ತೋಳಿನ ಮೇಲಿದ್ದ ಬೂದು ಅಂಗಿಯನ್ನು ಒಮ್ಮೆ ನೋಡಿ ಕೇಳಿದರು, “ಇವತ್ತು ಏನು ಕೇಸು?”

“ಅಕ್ಕ, ಇನ್ನೂ ತೀರ್ಪಾಗಿಲ್ಲ. ಹೇಳೋ ಹಾಗಿಲ್ಲ.”

“ಗೊತ್ತು, ಗೊತ್ತು. ಹೇಳ್ಬೇಡ.” ಯಂತ್ರ ಓಡಿತು. ನಿಂತಿತು. “ಬೇಲಿದಾ?”

“ಅಕ್ಕಾ.”

“ಹೇಳ್ಬೇಡ ಅಂದ್ನಲ್ಲ. ನೀನೇ ಇಟ್ಕೋ. ನನಗೇನು? ನನಗೆ ಇಲ್ಲಿ ಕೈತುಂಬ ಕೆಲ್ಸ ಇದೆ.” ಪೆಡಲನ್ನು ಎಷ್ಟು ಜೋರಾಗಿ ಒತ್ತಿದರೆಂದರೆ ದಾರ ಪಟ್ಟನೆ ಹರಿಯಿತು. ಅವರ ಕೈಯಲ್ಲಿ ದಾರ ಹರಿದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮತ್ತೆ ಪೋಣಿಸಲು ಹೋದರು. ಸೂಜಿಯ ಕಣ್ಣು ತಪ್ಪಿತು, ಇನ್ನೊಮ್ಮೆ ತಪ್ಪಿತು. ಮೂಗಿನ ತುದಿ ಕೆಂಪಾಗಿತ್ತು. ಆ ಕೆಂಪು ನನಗೆ ಹೊಸದಲ್ಲ. ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ನಾನು ಬಾಗಿಲ ಹತ್ತಿರದ ಸ್ಟೂಲು ಎಳೆದುಕೊಂಡು ಕೂತೆ. ಮಗುವನ್ನು ಬ್ಯಾಗಿನಿಂದ ಎತ್ತಲು ಹೋಗಲಿಲ್ಲ.

“ಅಕ್ಕ,” ಅಂದೆ, “ಒಂದು ಲೋಟ ನೀರು ಕೊಡ್ತೀರಾ?”

ಜಿಪ್ಪಕ್ಕ ತಲೆಯೆತ್ತಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಆಮೇಲೆ ಲೋಟ ತುಂಬಿ ತಂದು, ಯಂತ್ರದ ಮೇಜಿನ ಮೇಲೆ ಬೇಕೆಂದೇ ಇಟ್ಟು, ದಾರವಿಲ್ಲದೆಯೇ ಪೆಡಲು ಒತ್ತಿದರು. ನೀರು ಗುಂಡುಗುಂಡಾಗಿ ನಡುಗಿತು.

“ಕುಡಿ,” ಅಂದರು. “ಇದು ನನ್ನ ಯಂತ್ರದ್ದೇ. ಬೇಕಾದ್ರೆ ಇಬ್ಬರನ್ನೂ ಕರ್ಕೊಂಡು ಬಂದು ನೋಡು.”